ನಾನು ನೋಡದ ಇಪ್ಪತ್ತು ನಿಮಿಷ

ಸಿನಿಮಾ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳದಿರುವ ಒಂದು ಅಭ್ಯಾಸ ನನಗಿದೆ. ಪರದೆಯ ಮೇಲೆ ಹೆಸರುಗಳು ಸಾಲುಸಾಲಾಗಿ ಮೇಲಕ್ಕೆ ಹೋಗುತ್ತಿರುತ್ತವೆ, ಜನ ಚಪ್ಪಲಿ ಹುಡುಕಿಕೊಂಡು ಹೊರಟಿರುತ್ತಾರೆ, ನಾನು ಮಾತ್ರ ಕೂತೇ ಇರುತ್ತೇನೆ. ಕಸ ಹೊಡೆಯುವವಳು ಬಂದು "ಅಕ್ಕಾ, ಜರಾ ಕಾಲ ಎತ್ರಿ" ಅಂದ ಮೇಲೆಯೇ ಏಳುವುದು. ನಮ್ಮ ಮನೆಯವರಿಗೆ ಇದು ದೊಡ್ಡ ತಲೆನೋವು. ಬಾಗಿಲ ಹತ್ತಿರ ನಿಂತು, "ಇನ್ನೇನು ಉಳದದ ಅಲ್ಲಿ? ಲೈಟ್ ಹಿಡದವನ ಹೆಸರೂ ಬಾಯಿಪಾಠ ಮಾಡ್ಕೊಂಡೇ ಬರ್ತೀ ಏನು?" ಎಂದು ಗೊಣಗುತ್ತಾರೆ. ಗೊಣಗಲಿ. ಸಿನಿಮಾದ ಕೊನೆ ನೋಡದೆ ಎದ್ದು ಬಂದು ಒಮ್ಮೆ ಪಟ್ಟ ಪಾಡು ಅವರದಲ್ಲ, ನನ್ನದು.

ಹಾಗೆ ನೋಡಿದರೆ ತಪ್ಪು ಅಪ್ಪನದು. ನಮ್ಮೂರು ಭಾಲ್ಕಿ ಹತ್ತಿರದ ಹಲಬರ್ಗಾ. ಅಪ್ಪ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ವರ್ಷಕ್ಕೆ ನಾಲ್ಕೈದು ಸಲ ನಮ್ಮನ್ನು ಭಾಲ್ಕಿಗೆ ಕರೆದುಕೊಂಡು ಹೋಗಿ ಸಿನಿಮಾ ತೋರಿಸುತ್ತಿದ್ದ. ಆದರೆ ಸಿನಿಮಾ ಮುಗಿಯುವುದಕ್ಕೂ ವಾಪಸು ಗಾಡಿ ಬರುವುದಕ್ಕೂ ಯಾವತ್ತೂ ತಾಳೆಯಾಗುತ್ತಿರಲಿಲ್ಲ. ನಾಯಕ ಕೈಯಲ್ಲಿ ಕೋಲು ಹಿಡಿದು ಬಂಗಲೆಯೊಳಗೆ ನುಗ್ಗಬೇಕು, ಅಷ್ಟರಲ್ಲಿ ಅಪ್ಪ ಎದ್ದುಬಿಡುತ್ತಿದ್ದ. "ಏಳ್ರಿ, ಏಳ್ರಿ. ಗಾಡಿ ನಮ್ಮಪ್ಪಂದಲ್ಲ." ರೈಲ್ವೆಯಲ್ಲಿ ಕೆಲಸ ಮಾಡುವವನೇ ಹಾಗೆ ಅಂದ ಮೇಲೆ ನಾವು ಏನು ಹೇಳುವುದು? ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಹೊರಗೆ ಬರುತ್ತಿದ್ದೆವು.

ಮರುದಿನ ಓಣಿಯ ಹುಡುಗಿಯರು ಬೇವಿನ ಮರದ ಕೆಳಗೆ ಸುತ್ತುಗಟ್ಟಿ ಕೂರುತ್ತಿದ್ದರು. "ಮುಂದ? ಮುಂದೇನಾತು?" ಗೊತ್ತಿಲ್ಲ ಅನ್ನುವುದಕ್ಕೆ ನನಗೆ ಬಾಯಿ ಬರುತ್ತಿರಲಿಲ್ಲ. ನಾನೇ ಒಂದು ಕೊನೆ ಕಟ್ಟಿ ಹೇಳುತ್ತಿದ್ದೆ. ಕೆಲವು ಸಿನಿಮಾಗಳಲ್ಲಿ ಖಳನಾಯಕ ಬಾವಿಗೆ ಬಿದ್ದ, ಕೆಲವುಗಳಲ್ಲಿ ನಾಯಕನ ತಾಯಿಗೆ ಕಣ್ಣು ಬಂತು. ಅಳಿಸಬೇಕೆನ್ನಿಸಿದ ದಿನ ಯಾರನ್ನಾದರೂ ಸಾಯಿಸುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಒಂದು ಹಳೆಯ ಸಿನಿಮಾದ ಬಗ್ಗೆ ಮನೆಯವರೊಂದಿಗೆ ಜಗಳವೇ ಆಗಿತ್ತು. ತಂಗಿ ಸತ್ತಳು ಅಂತ ನಾನು, ಆಕೆಯ ಮದುವೆಯಾಯಿತು ಅಂತ ಅವರು. ಪಂದ್ಯ ಕಟ್ಟಿ ನೋಡಿದರೆ ತಂಗಿಗೆ ಎರಡು ಮಕ್ಕಳೂ ಆಗಿದ್ದವು.

ಇಂಥವಳು ಮುಂದೆ ಸಿನಿಮಾ ವಿಮರ್ಶಕಿಯಾದದ್ದು ಬೀದರ್ ಜಿಲ್ಲೆಯ ದುರ್ದೈವ. ಭಾಲ್ಕಿಯ ಒಂದು ವಾಚನಾಲಯದಲ್ಲಿ ನನಗೆ ಕೆಲಸವಿತ್ತು. ಬೀದರಿನಿಂದ ಬರುತ್ತಿದ್ದ ಸಣ್ಣ ದಿನಪತ್ರಿಕೆಯೊಂದಕ್ಕೆ ಪತ್ರ ಬರೆಯುತ್ತಾ ಬರೆಯುತ್ತಾ ಅದರ ಸಂಪಾದಕರ ಕಣ್ಣಿಗೆ ಬಿದ್ದೆ. "ನಿಮ್ಮ ಭಾಷಾದಾಗ ಖಾರ ಅದ ಬಾಯಾರೆ, ಸಿನಿಮಾದ ಮ್ಯಾಲ ಬರೀರಿ" ಅಂದರು. ಶನಿವಾರಕ್ಕೊಂದು ಅಂಕಣ ಶುರುವಾಯಿತು. ಕೆಳಗೆ ಹೆಸರಿಲ್ಲ, ಬರೀ 'ಪ್ರೇಕ್ಷಕಿ'. ಆದರೆ ಪ್ರೇಕ್ಷಕಿ ಯಾರೆಂದು ಭಾಲ್ಕಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನಿಗೂ ಗೊತ್ತಿತ್ತು. ಗೊತ್ತಾಗಲಿ ಅಂತ ನಾನೇ ಹೇಳಿದ್ದೆ. ಹೊಗಳಿದರೆ ಯಾರೂ ಓದುವುದಿಲ್ಲ, ಕುಟುಕಿದರೆ ಓದುತ್ತಾರೆ ಎಂಬ ಗುಟ್ಟು ಎರಡೇ ತಿಂಗಳಲ್ಲಿ ತಿಳಿಯಿತು. ಆಮೇಲೆ ನಾನು ಹೊಗಳಿದ್ದು ಕಡಿಮೆ.

ಅದು ಮಳೆ ಸತತ ಮೂರನೆಯ ವರ್ಷ ಕೈಕೊಟ್ಟ ಕಾಲ. ತೊಗರಿ ಮೊಳಕಾಲೆತ್ತರಕ್ಕೆ ನಿಂತು ಒಣಗಿತ್ತು. ದೀಪಾವಳಿ ಮುಗಿದದ್ದೇ ತಡ, ಔರಾದ್ ಕಡೆಯ ಊರುಗಳಿಂದ ಲಾರಿಗಟ್ಟಲೆ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಗಾರೆ ಕೆಲಸಕ್ಕೆ ಹೈದರಾಬಾದಿಗೆ ಹೊರಟಿದ್ದರು. ವಾಚನಾಲಯಕ್ಕೆ ಪೇಪರ್ ಓದಲು ಬರುವವರೂ ಅರ್ಧಕ್ಕರ್ಧ ಕಮ್ಮಿಯಾಗಿದ್ದರು. ಆಗಲೇ ಬೀದರಿನ ಟಾಕೀಸೊಂದಕ್ಕೆ ಸಮುದ್ರದ ಜೀವಿಗಳ ಒಂದು ಕಾರ್ಟೂನ್ ಸಿನಿಮಾ ಬಂತು. ಯಾವುದೋ ದೂರದೇಶದ್ದು, ಮಾತು ಹಿಂದಿಯಲ್ಲಿ ಕೂಡಿಸಿದ್ದರು. ಮನೆಮಂದಿಯೆಲ್ಲ ಕೂತು ನಗಬಹುದಾದ ಸಿನಿಮಾ ಅಂತ ಪೋಸ್ಟರಿನಲ್ಲಿತ್ತು.

ಕಥೆ ಒಂದು ಏಡಿ ಸಂಸಾರದ್ದು. ನಮ್ಮ ಕಡೆ ಖೇಕಡಿ ಅನ್ನುತ್ತಾರೆ. ಅಪ್ಪ ಏಡಿ ಅಡ್ಡಡ್ಡ ನಡೆಯುತ್ತಲೇ "ನಾನೇ ನೆಟ್ಟಗೆ ನಡೀತೀನಿ, ಸಮುದ್ರವೇ ಸೊಟ್ಟಗಿದೆ" ಎಂದು ವಾದಿಸುವವನು. ಅವರಿದ್ದ ಕಡೆ ತಿನ್ನಲು ಏನೂ ಸಿಗದಂತಾಗಿ, ಅಪ್ಪ ಅಮ್ಮ ಸಣ್ಣ ಮರಿಯನ್ನು ಪಕ್ಕದ ಆಮೆ ಅಜ್ಜಿಯ ಹತ್ತಿರ ಬಿಟ್ಟು ದೂರದ ಬಂಡೆಗಳ ಕಡೆಗೆ ಹೋಗುತ್ತಾರೆ. ಅಜ್ಜಿಗೆ ಕಿವಿ ಕೇಳಿಸುವುದಿಲ್ಲ, ಮರಿ ಒಂದು ಹೇಳಿದರೆ ಇನ್ನೊಂದು ಮಾಡುತ್ತಾಳೆ. ಅದರದೇ ನಗೆಯಾಟ. ಆಮೇಲೆ ದೊಡ್ಡ ಬಿರುಗಾಳಿ ಏಳುತ್ತದೆ, ಅಪ್ಪ ಅಮ್ಮ ದಿಕ್ಕು ತಪ್ಪುತ್ತಾರೆ, ಮರಿ ಕಲ್ಲಿನ ಮೇಲೆ ಕೂತು ದಾರಿ ನೋಡುತ್ತದೆ.

ಅಲ್ಲಿಗೆ ನಾನು ಎದ್ದೆ. ಕರೆಂಟು ಹೋಗಿ ಮ್ಯಾಟಿನಿ ಶುರುವಾದದ್ದೇ ತಡವಾಗಿತ್ತು, ಭಾಲ್ಕಿ ಬಸ್ಸು ಹೊರಡುವ ಹೊತ್ತಾಗಿತ್ತು. ಇನ್ನು ಇಪ್ಪತ್ತು ನಿಮಿಷದ ಸಿನಿಮಾ ಇದ್ದೀತು. ಕೊನೆ ಹೇಗಿರಬಹುದು ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಯೋಚಿಸಿದ್ದು ಅಂದರೆ, ಬೇವಿನ ಮರದ ಕೆಳಗಿನ ಹಳೆಯ ಚಾಳಿ ಎದ್ದು ಕೂತಿತು ಅಷ್ಟೇ. ಮನೆಗೆ ಬಂದು ಬರೆದೆ: "ಕೊಡ ನೀರಿಗಾಗಿ ಮೈಲಿಗಟ್ಟಲೆ ನಡೆಯುವ ಜಿಲ್ಲೆಗೆ ಎರಡು ತಾಸು ಸಮುದ್ರ ತೋರಿಸುವುದೆಂದರೆ, ಉಪವಾಸವಿದ್ದವನ ಎದುರು ಕೂತು ಹೋಳಿಗೆ ಉಂಡಂತೆ. ಕೊನೆಯಂತೂ ತೀರಾ ನೀರಸ. ಹೋದವರು ಬರುವುದೇ ಇಲ್ಲ. ಮರಿ ಕಲ್ಲಿನ ಮೇಲೆ ಕೂತೇ ಇರುತ್ತದೆ, ನಾವು ಎದ್ದು ಬರುತ್ತೇವೆ."

ಈ ಸಾಲುಗಳಿಗೆ ಬಂದ ಮೆಚ್ಚುಗೆ ನನ್ನ ಜನ್ಮದಲ್ಲಿ ಮತ್ತೆ ಯಾವುದಕ್ಕೂ ಬಂದಿಲ್ಲ. ಸಂಪಾದಕರು ಫೋನ್ ಮಾಡಿ "ಏನ್ ಹೊಡತಾ ಹೊಡದೀರಿ ಬಾಯಾರೆ!" ಅಂದರು. ಚಹಾದಂಗಡಿಯವನು ಹೋಳಿಗೆಯ ಸಾಲನ್ನು ಬಾಯಲ್ಲೇ ಹೇಳಿದ. ಎರಡು ದಿನ ನಾನು ವಾಚನಾಲಯದಲ್ಲಿ ಸ್ವಲ್ಪ ಕತ್ತು ಎತ್ತಿಕೊಂಡೇ ಓಡಾಡಿದೆ.

ಮಂಗಳವಾರ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಂದಳು. ಸೀರೆಯ ಅಂಚಿಗೆಲ್ಲ ಧೂಳು, ಬಗಲಲ್ಲಿ ಚೀಲ. ಹೆಸರು ಶಕುಂತಲಾ, ಠಾಣಾ ಕುಶನೂರಿನ ಕಡೆಯ ಶಾಲೆಯ ಟೀಚರ್ ಅಂದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ವಲಸೆ ಹೋದವರ ಹೆಣ್ಣುಮಕ್ಕಳನ್ನು ಅಲ್ಲಿ ಶಾಲೆಯಲ್ಲೇ ಉಳಿಸಿಕೊಂಡು ಊಟಕ್ಕೆ ಹಾಕಿ ಓದಿಸುತ್ತಿದ್ದರು. ಅವರ ಉಸ್ತುವಾರಿ ಈಕೆಯದು. ಚೀಲದಿಂದ ನನ್ನ ಅಂಕಣದ ಕತ್ತರಿಸಿದ ತುಂಡು ತೆಗೆದಳು. ನನಗೆ ಖುಷಿಯೇ ಆಯಿತು, ಮೆಚ್ಚಿಕೊಂಡು ಅಷ್ಟು ದೂರದಿಂದ ಬಂದವಳು ಅಂತ.

"ಅಕ್ಕಾರ, ಇದ ಬರದವ್ರು ನೀವೇ ಹೌದಲ್ರಿ?"

"ಹೌದ್ರಿ" ಅಂದೆ, ಸಂಕೋಚ ನಟಿಸುತ್ತಾ.

"ಈ ಸಿನಿಮಾಕ್ಕ ನಮ್ಮ ಹುಡಿಗ್ಯಾರಿಗೆ ಕರ್ಕೊಂಡು ಹೋಗೋದಿತ್ರಿ. ಎಲ್ಲಾ ತಯಾರಿ ಆಗಿತ್ತು. ಪ್ರಾರ್ಥನಾದಾಗ ದಿನಾ ಒಬ್ಬಾಕಿ ಪೇಪರ್ ಓದ್ತಾಳ್ರಿ ನಮ್ಮಲ್ಲಿ. ಶನಿವಾರ ರೇಖಾ ಅನ್ನೋ ಹುಡುಗಿ ಇದನ್ನ ಓದಿದ್ಳು. ಹೆಡ್‌ಮಾಸ್ತರು ಕೇಳಿ, ಬ್ಯಾಡ, ಹೋಗೋದು ಬ್ಯಾಡ ಅಂದುಬಿಟ್ರು."

"ನೀವು ನನ್ನ ಮ್ಯಾಲ ಸಿಟ್ಟಾಗೀರಿ" ಅಂದೆ.

"ಇಲ್ರಿ ಅಕ್ಕಾರ, ಸಿಟ್ಟಿಲ್ಲ. ನಾ ಒಂದ ಮಾತು ಕೇಳ್ಲಿಕ್ಕ ಬಂದೀನಿ. ಆ ರೇಖಾ ಮೂರು ದಿನ ಆತು, ನನ್ನ ಹಿಂದ ಹಿಂದ ತಿರಗಲತ್ಯಾಳ. ಖೇಕಡಿ ಅವ್ವ ಅಪ್ಪ ಯಾಕ ಬರ್ಲಿಲ್ಲ ಟೀಚರ್ ಅಂತ. ಆಕಿ ಅವ್ವ ಅಪ್ಪ ಕಬ್ಬಿಗೆ ಹೋಗ್ಯಾರ್ರಿ. ನಾ ಸಿನಿಮಾ ನೋಡಿಲ್ಲ, ಏನಂತ ಹೇಳ್ಲಿ? ನೋಡಿದವ್ರು ನೀವು. ಯಾಕ ಬರ್ಲಿಲ್ರಿ ಅವು? ಸತ್ತವೇನ್ರಿ? ದಾರಿ ಸಿಗಲಿಲ್ಲೇನ್ರಿ? ಒಂದು ಕಾರಣ ಹೇಳಿದ್ರ ಸಾಕು, ಹ್ಯಾಂಗರೆ ಸಮಾಧಾನ ಮಾಡ್ತೀನಿ."

ಒಂದು ಕಾರಣ ಹೇಳಿಬಿಡಬಹುದಿತ್ತು. ಅಂಥ ಕಾರಣಗಳನ್ನು ಹುಟ್ಟಿಸುವುದರಲ್ಲಿ ನನಗೆ ಚಿಕ್ಕಂದಿನಿಂದ ಕೈ ಪಳಗಿತ್ತು. ದೊಡ್ಡ ಮೀನೊಂದು ಅಡ್ಡ ಬಂತು ಅಂತಲೋ, ಬಿರುಗಾಳಿಯಲ್ಲಿ ಹವಳದ ಕಲ್ಲು ಉರುಳಿತು ಅಂತಲೋ ಬಾಯಿಗೆ ಬಂದೂ ಬಿಟ್ಟಿತ್ತು. ಆದರೆ ಆಕೆ ನೋಟ್‌ಪುಸ್ತಕ ತೆಗೆದು, ನಾನು ಹೇಳಿದ್ದನ್ನು ಬರೆದುಕೊಳ್ಳಲು ಪೆನ್ನಿನ ಟೋಪಿ ಬಿಚ್ಚಿದಳು.

"ಟೀಚರ್, ನನಗ ಗೊತ್ತಿಲ್ಲ" ಅಂದೆ. "ನಾ ಕೊನೀತನಕ ಕೂತಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಎದ್ದು ಬಂದೆ. ಕೊನಿ ನಾನೇ ಕಟ್ಟಿ ಬರದೀನಿ."

ಶಕುಂತಲಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪೆನ್ನಿಗೆ ಟೋಪಿ ಹಾಕಿ ಮೆಲ್ಲಗೆ ಕೇಳಿದಳು: "ಹಂಗಾರ ಅವು ಬಂದಿರಬೌದಲ್ರಿ?"

ಮರುದಿನ ರಜೆ ಹಾಕಿ ಆಕೆಯೊಂದಿಗೆ ಬೀದರಿಗೆ ಹೋದೆ. ಟಾಕೀಸಿನಲ್ಲಿ ನಾವಿಬ್ಬರು ಮತ್ತು ಒಂದಿಪ್ಪತ್ತು ಜನ. ನನ್ನ ಅಂಕಣ ಅಷ್ಟು ಕೆಲಸ ಮಾಡಿತ್ತು. ಈ ಸಲ ನಾನು ಸಿನಿಮಾ ನೋಡಿದ್ದಕ್ಕಿಂತ ಹೆಚ್ಚಾಗಿ ಶಕುಂತಲಾಳ ಮುಖ ನೋಡಿದೆ. ಅಪ್ಪ ಏಡಿ ಮೊದಲ ಸಲ ವಾದಕ್ಕೆ ನಿಂತಾಗಲೇ ಆಕೆ ಸೆರಗು ಬಾಯಿಗಿಟ್ಟು ನಕ್ಕಳು. ಕಿವುಡಿ ಅಜ್ಜಿಯ ಆಟ ಬಂದಾಗ ಪಕ್ಕದಲ್ಲಿದ್ದ ನನ್ನ ತೋಳು ಹಿಡಿದು ನಕ್ಕಳು. ನಾನು ನೋಡಿದಾಗಲೂ ಇದೆಲ್ಲ ಇತ್ತು. ಆದರೆ ನಾನಾಗ ಕತ್ತಲಲ್ಲಿ ಕೂತು ಹೋಳಿಗೆಯ ಸಾಲು ಹೊಸೆಯುತ್ತಿದ್ದೆ. ಬಿರುಗಾಳಿ ಬಂತು. ಮರಿ ಕಲ್ಲಿನ ಮೇಲೆ ಕೂತಿತು.

ಅವು ಬಂದವು. ಬಡಕಲಾಗಿ, ಅಪ್ಪನ ಮುಂಗಾಲಿನ ಒಂದು ಕೊಂಡಿ ಮುರಿದುಕೊಂಡು, ಅಂತೂ ಬಂದವು. ಅಷ್ಟು ಹೊತ್ತಿಗೆ ಮರಿ ಹಳೆಯ ಚಿಪ್ಪು ಕಳಚಿ, ಹೊಸ ಚಿಪ್ಪು ಬಂದು ಅಪ್ಪನಷ್ಟೇ ದೊಡ್ಡದಾಗಿತ್ತು. ಗುರುತು ಸಿಗದೆ ಅಮ್ಮ ಆ ಮರಿಯನ್ನೇ ಕೇಳಿದಳು: "ಇಲ್ಲೊಂದು ಸಣ್ಣ ಮರಿ ಇತ್ತಲ್ಲ, ನೋಡಿದೆಯಾ?" ಮರಿಗೆ ಕಿತಾಪತಿ. "ಯಾವ ಮರಿ? ಹೇಗಿತ್ತು?" ಅಪ್ಪ ಮಗನನ್ನು ವರ್ಣಿಸಲು ಶುರುಮಾಡಿದ. ಅಂಥ ಚೆಲುವ ಇಲ್ಲ, ಅಂಥ ಜಾಣ ಇಲ್ಲ. ಕೇಳುತ್ತಾ ಕೇಳುತ್ತಾ ಮರಿಗೆ ನಗುವೂ ತಡೆಯಲಿಲ್ಲ, ಅಳುವೂ ತಡೆಯಲಿಲ್ಲ. ಓಡಿಹೋಗಲು ನೋಡಿತು. ಅದರ ಸೊಟ್ಟ ನಡಿಗೆ ನೋಡಿ ಅಮ್ಮ ಗುರುತು ಹಿಡಿದಳು. ನಾನು ಕಣ್ಣೊರೆಸಿಕೊಳ್ಳುವಾಗ ಶಕುಂತಲಾ ಆಗಲೇ ಎದ್ದು ನಿಂತಿದ್ದಳು. "ನಡೀರಿ ಅಕ್ಕಾರ, ಸಿನಿಮಾ ಶುಕ್ರವಾರ ತೆಗಿತಾರಂತ. ಹೆಡ್‌ಮಾಸ್ತರಿಗೆ ಇವತ್ತೇ ಹೇಳಬೇಕು, ನೀವೇ ಹೇಳಬೇಕು."

ಹೆಡ್‌ಮಾಸ್ತರ್ ಮಾಣಿಕರಾವ್ ಎತ್ತರದ ಆಳು, ಮಾತು ಕಡಿಮೆ. ಕುರ್ಚಿ ಕೊಟ್ಟು, ಗಡಿಗೆಯ ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ನಂಗೇನು ಸಿನಿಮಾದ ಮ್ಯಾಲ ಸಿಟ್ಟಿರಲಿಲ್ರಿ" ಅಂದರು. "ಈ ಹುಡಿಗ್ಯಾರು ಹಗಲೆಲ್ಲಾ ನಕ್ಕೋತ ಇರ್ತಾರ. ಲಾರಿ ಸಪ್ಪಳ ಆತಂದ್ರ ಮಾತ್ರ ಬರಿಯೋದು ಬಿಟ್ಟು ಕಿಡಕಿ ಕಡೆ ನೋಡ್ತಾರ. ಬರಂಗಿಲ್ಲ ಅನ್ನೋ ಕಥಿ ನಾ ಹಣ ಕೊಟ್ಟು ತೋರಸ್ಲೇನು? ಅದಕ ಬ್ಯಾಡ ಅಂದೆ."

"ಈಗ ಗೊತ್ತಾತಲ್ಲ ಸರ್, ಬರ್ತಾರ."

"ನಂಗ ಗೊತ್ತಾದ್ರ ಆತೇನ್ರಿ? ಪೇಪರ್‌ನಾಗ ಬಂದದ್ದು ಸುಳ್ಳು ಅಂತ ನಾ ಹೇಳಿದ್ರ ಅವ್ರು ನಂಬಂಗಿಲ್ಲ. ಸಮಾಧಾನಕ್ಕ ಹೇಳಲತ್ತಾರ ಅಂತಾರ. ನೀವೇ ಹೇಳ್ರಿ. ಅಲ್ಲಿ ಹೊರಗ ಕುಂತಾರ."

ಅರವತ್ತು ಹುಡುಗಿಯರು ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು. ಸಂಜೆಯ ಬಿಸಿಲು ಅವರ ಎಣ್ಣೆ ಹಚ್ಚಿದ ತಲೆಗಳ ಮೇಲೆ ಬಿದ್ದಿತ್ತು. "ಪೇಪರ್‌ನಾಗ ಖೇಕಡಿ ಸಿನಿಮಾದ ಬಗ್ಗೆ ಬರದಾಕಿ ನಾನೇ" ಅಂದೆ. "ತಪ್ಪು ಬರದೀನಿ. ಅವರವ್ವ ಅಪ್ಪ ಬರ್ತಾರ. ನಾ ನಿನ್ನೀತನಕ ನೋಡಿರಲಿಲ್ಲ, ಇವತ್ತ ನೋಡಿದೆ."

ಎರಡನೆಯ ಸಾಲಿನಿಂದ ಒಬ್ಬಳು ಎದ್ದು ನಿಂತಳು. ತೆಳ್ಳನೆಯ ಮೈ, ಎರಡು ಬಿಗಿ ಜಡೆ. ಹೇಳದೆಯೂ ರೇಖಾ ಎಂದು ತಿಳಿಯಿತು.

"ನೋಡಿರಲಿಲ್ಲಂದ್ರ ಬರಂಗಿಲ್ಲ ಅಂತ ಎದಕ ಬರದ್ರಿ?"

ಕೇಳಿದವಳಿಗೆ ಹನ್ನೆರಡು ವರ್ಷ. ಬಂದರು ಅಂತ ಬರೆದರೆ ಮಾಮೂಲಾಗುತ್ತದೆ, ಬರಲಿಲ್ಲ ಅಂತ ಬರೆದರೆ ತೂಕ ಬರುತ್ತದೆ ಅನ್ನಿಸಿತ್ತು. ಅದನ್ನು ಆಕೆಗೆ ಹೇಗೆ ಹೇಳುವುದು? "ಬಸ್ ಹೋಗ್ತಿತ್ತವ್ವಾ, ಗಡಿಬಿಡಿ ಆತು" ಅಂದೆ. ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ರೇಖಾ ನಗಲಿಲ್ಲ. "ಪೂರಾ ನೋಡಬೇಕ್ರಿ" ಎಂದು ಹೇಳಿ ಕೂತಳು.

ಗುರುವಾರ ಬೆಳಗ್ಗೆ ಸಂತಪುರದ ವ್ಯಾಪಾರಿಯೊಬ್ಬರ ಎರಡು ಟೆಂಪೋಗಳಲ್ಲಿ ಅರವತ್ತೂ ಜನ ಬೀದರಿಗೆ ಬಂದರು. ಅವರ ಸಲುವಾಗಿ ಟಾಕೀಸಿನವರು ಬೆಳಗಿನ ಆಟ ಇಟ್ಟರು. ಕತ್ತಲಾಗಿ ಪರದೆಯ ತುಂಬ ನೀಲಿ ಸಮುದ್ರ ಹರಡಿದ ಕೂಡಲೇ ಹಾಲ್‌ನಲ್ಲಿ ಒಂದು ಸದ್ದಾಯಿತು. ಅದು ಕೂಗಲ್ಲ, ನಗೆಯೂ ಅಲ್ಲ. ಕಾದ ಮೈಗೆ ಒಂದು ತಂಬಿಗೆ ತಣ್ಣೀರು ಹೊಯ್ದುಕೊಂಡಾಗ ಬಾಯಿಂದ ತಾನೇ ಬರುತ್ತದಲ್ಲ, ಆ ಸದ್ದು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು, "ಇಷ್ಟೂ ನೀರು ಒಂದೇ ಕಡೀ ಅದ ಏನ?" ಅಂದಳು. ಬರಗಾಲದವರಿಗೆ ಸಮುದ್ರ ತೋರಿಸಬಾರದು ಎಂದು ನಾನು ಬರೆದಿದ್ದೆ. ಅವರನ್ನು ಕೇಳಿ ಬರೆದಿರಲಿಲ್ಲ.

ಕೊನೆಯಲ್ಲಿ ಏಡಿ ಅಮ್ಮ ಮಗನ ಗುರುತು ಹಿಡಿದಾಗ ಚಪ್ಪಾಳೆ, ಸಿಳ್ಳು, ಯಾರದೋ ಬಿಕ್ಕು, ಎಲ್ಲ ಕೂಡಿಯೇ ಬಂದವು. ಹೊರಗೆ ಬಿಸಿಲಲ್ಲಿ ನಿಂತು ರೇಖಾಳನ್ನು ಕೇಳಿದೆ: "ಹ್ಯಾಂಗದ ಸಿನಿಮಾ?"

"ಚಲೋ ಅದರಿ" ಅಂದಳು. ಸ್ವಲ್ಪ ಯೋಚಿಸಿ, "ಆದ್ರ ಒಂದು ಸುಳ್ಳು ಅದ. ಖೇಕಡಿ ಅವ್ವಗ ಮೊದಲೇ ಗುರ್ತು ಸಿಗಬೇಕಿತ್ರಿ. ಎಷ್ಟ ದೊಡ್ಡದಾದ್ರೇನು? ಅವ್ವ ಕೇಳಂಗಿಲ್ಲ, ನೀ ಯಾರು ಅಂತ."

ಆ ಶನಿವಾರದ ಅಂಕಣದಲ್ಲಿ ನನ್ನ ತಪ್ಪೊಪ್ಪಿಗೆಯನ್ನು ನಾಲ್ಕು ಸಾಲಿನಲ್ಲಿ ಬರೆದು, ಉಳಿದ ಜಾಗದಲ್ಲಿ ಹುಡುಗಿಯರು ಹೇಳಿದ್ದನ್ನು ಹೇಳಿದ ಹಾಗೆಯೇ ಹಾಕಿದೆ. ಸಂಪಾದಕರು ಮೊದಲು ಒಪ್ಪಲಿಲ್ಲ. "ಪೇಪರ್ ಮರ್ಯಾದಿ ಹೋಗ್ತದ ಬಾಯಾರೆ" ಅಂದರು. "ಹೋಗಿದ್ದು ನಂದು, ನಿಮ್ಮದಲ್ಲ" ಎಂದೆ. ಅಚ್ಚಾಯಿತು. ಯಾರೂ ಫೋನ್ ಮಾಡಲಿಲ್ಲ. ಚಹಾದಂಗಡಿಯವನು ಮಾತ್ರ, "ಈ ವಾರ ಖಾರ ಕಮ್ತಿ ಆತ್ರಿ" ಅಂದ.

ಅವ್ವನಿಗೆ ಗುರುತು ಸಿಗಲೇಬೇಕು ಎಂಬ ರೇಖಾಳ ಮಾತು ತಲೆಯಲ್ಲಿ ಉಳಿದುಬಿಟ್ಟಿತ್ತು. ಕಬ್ಬಿಗೆ ಹೋದವರು ಯುಗಾದಿಯ ಹೊತ್ತಿಗೆ ಬರುತ್ತಾರೆಂದು ಶಕುಂತಲಾ ತಿಳಿಸಿದಾಗ, ಹುಡುಗಿಯರಿಗೆ ಒಂದಷ್ಟು ಕಥೆ ಪುಸ್ತಕ ಕೊಡುವ ನೆಪ ಮಾಡಿಕೊಂಡು ಹೋದೆ. ನಿಜ ಹೇಳಬೇಕೆಂದರೆ ನೋಡಬೇಕಿತ್ತು.

ಮಧ್ಯಾಹ್ನ ಲಾರಿ ಬಂತು. ಮೈ ಕೈ ಕಪ್ಪಿಟ್ಟ ಹೆಂಗಸರು, ಗಂಡಸರು ಗಂಟುಮೂಟೆ ಇಳಿಸಿಕೊಂಡು ಶಾಲೆಯ ಕಡೆ ನಡೆದು ಬಂದರು. ರೇಖಾ ಅತ್ತ ಬೆನ್ನು ಮಾಡಿ ಅಂಗಳದ ತುದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಐದು ತಿಂಗಳಲ್ಲಿ ಗೇಣುದ್ದ ಬೆಳೆದಿದ್ದಳು, ಜಡೆ ಕತ್ತರಿಸಿದ್ದರು, ಮೈಮೇಲೆ ಯಾರೋ ಕೊಟ್ಟ ಅಂಗಿ. ಗುಂಪಿನಿಂದ ಒಬ್ಬ ಹೆಂಗಸು ಬೇರೆಯಾಗಿ, ಯಾರನ್ನೂ ಕೇಳದೆ, ಉಳಿದ ಐವತ್ತೊಂಬತ್ತು ಹುಡುಗಿಯರ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಅಂಗಳ ದಾಟಿದಳು.

"ಏ ಪೋರಿ, ಬೂದಿ ಇನ್ನಾ ಹಾಂಗೇ ಅದ ನೋಡು, ಗಂಗಾಳಕ್ಕ" ಅಂದಳು.

ರೇಖಾಳ ಕೈಯಿಂದ ಗಂಗಾಳ ಜಾರಿತು. ಆಮೇಲೆ ಅವರಿಬ್ಬರೂ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ನಾನು ಹತ್ತಿರ ಹೋಗಲೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಾಯಿ ಗಂಟು ಬಿಚ್ಚಿ ಒಂದು ಹಸಿರು ಲಂಗ ತೆಗೆದಳು. ಮಗಳ ಸೊಂಟಕ್ಕೆ ಹಿಡಿದು ನೋಡಿದರೆ ಮೊಣಕಾಲ ಕೆಳಗೆ ಎರಡು ಬೆರಳಿಗೇ ಮುಗಿದುಹೋಗಿತ್ತು. ಪಕ್ಕದಲ್ಲಿದ್ದ ಶಕುಂತಲಾ, "ಪಾಪ, ಗಿಡ್ಡ ಆತಲ್ರಿ" ಅಂದಳು.

"ಇಲ್ರಿ ಟೀಚರ್" ಎಂದು ಆ ತಾಯಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಲಂಗದ ಅಂಚನ್ನು ತಿರುವಿ ತೋರಿಸಿದಳು. ಒಳಗೆ ಗೇಣುದ್ದ ಬಟ್ಟೆ ಮಡಿಚಿ ಹೊಲಿದಿತ್ತು. "ನಾ ಬರೋತನ ಬೆಳೀತಾಳ ಅಂತ ಗೊತ್ತಿತ್ತಲ್ರಿ ನಂಗ."

ಹಲ್ಲಿನಿಂದ ದಾರ ಕಚ್ಚಿ ಎಳೆಯತೊಡಗಿದಳು. ಹೊಲಿಗೆ ಪರಪರನೆ ಬಿಚ್ಚಿಕೊಳ್ಳುತ್ತಾ ಹೋದ ಹಾಗೆ ಹಸಿರು ಬಟ್ಟೆ ಮೆಟ್ಟಿಲಿನಿಂದ ಕೆಳಗಿಳಿಯಿತು. ರೇಖಾ ತಡೆಯಲಾರದೆ, ದಾರ ಇನ್ನೂ ಅರ್ಧ ಇರುವಾಗಲೇ ಲಂಗವನ್ನು ಅಂಗಿಯ ಮೇಲೆಯೇ ತೊಟ್ಟು, ನಿಂತು, ತನ್ನ ಪಾದದ ತನಕ ಬಗ್ಗಿ ನೋಡಿಕೊಂಡಳು.